ಬೇಳೆಯೊಳಗಿನ ಪ್ರೋಟೀನನ್ನು ತೂಗುವ ಬಗೆ

ಕಳೆದ ಪುಷ್ಯಮಾಸದಲ್ಲಿ ನಾವು ಮೇಲಿನ ತರಗತಿಗಳ ಹುಡುಗಿಯರನ್ನು ಕರೆದುಕೊಂಡು ಸನ್ನತಿಗೆ ಹೋಗಿದ್ದೆವು. ಭೀಮಾತೀರದ ಚಂದ್ರಲಾಂಬೆಯ ಗುಡಿಯನ್ನೂ, ಅಲ್ಲಿಯ ಕಾಳಿಗುಡಿಯ ಮಾಡು 1986ರಲ್ಲಿ ಕುಸಿದಾಗ ಬೆಳಕಿಗೆ ಬಂದ ಅಶೋಕನ ಶಾಸನವನ್ನೂ, ಕನಗನಹಳ್ಳಿಯ ಸ್ತೂಪವನ್ನೂ ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ. ನಾವು ಇಲ್ಲಿ ಬರೆಯಲಿಚ್ಛಿಸುವುದು ಹಿಂದಿರುಗುವ ದಾರಿಯಲ್ಲಿ ಎದ್ದ ಒಂದು ಪ್ರಶ್ನೆಯ ವಿಷಯವಾಗಿ.

ದಾರಿಯ ಎರಡು ಕಡೆಗಳಲ್ಲಿಯೂ ಎರೆಭೂಮಿಯಲ್ಲಿ ತೊಗರಿಯ ರಾಶಿ ನಡೆದಿತ್ತು. ಒಂದು ಹೊಲದ ಬಳಿಯಲ್ಲಿ ನೀರು ಕುಡಿಯಲು ನಿಂತಾಗ, ಮೊರವನ್ನೆತ್ತಿ ಕಾಳು ತೂರುತ್ತಿದ್ದ ಹೆಂಗಸರನ್ನು ನೋಡುತ್ತ ನಮ್ಮ ಬೋರ್ಡಿಂಗಿನ ಒಬ್ಬ ಹುಡುಗಿಯು, "ಬ್ಯಾಳಿ ಪಾಕೀಟಿನ ಮ್ಯಾಲ ನೂರು ಗ್ರಾಮಿಗಿ ಇಪ್ಪತ್ತೆರಡು ಗ್ರಾಂ ಪ್ರೋಟೀನ್ ಅಂತ ಬರದಿರ್ತಾರಲ್ರಿ ಟೀಚರ್, ಅದನ್ನ ಯಾರು ತೂಗ್ಯಾರ್ರಿ?" ಎಂದು ಕೇಳಿದಳು. ಉಳಿದವರು ನಕ್ಕರು. ನಾವು ನಗಲಿಲ್ಲ, ಏಕೆಂದರೆ ಅದು ಬಹಳ ಒಳ್ಳೆಯ ಪ್ರಶ್ನೆಯಾಗಿತ್ತು, ಮತ್ತು ಅದಕ್ಕೆ ನೆಟ್ಟಗೆ ಉತ್ತರವನ್ನು ಕೊಡಲು ಆ ಹೊತ್ತಿನಲ್ಲಿ ನಮ್ಮಿಂದಾಗಲಿಲ್ಲ. ಶಾಲೆಗೆ ಬಂದು ಓದಿ ತಿಳಿದುಕೊಂಡದ್ದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳ ತಾಯಿತಂದೆಯರಿಗೂ ಪಾಠದ ರೂಪದಲ್ಲಿ ಇಲ್ಲಿ ಒಪ್ಪಿಸುತ್ತೇವೆ. ನಮ್ಮ ಸೀಮೆಯು ತೊಗರಿಯ ಕಣಜವೆನಿಸಿಕೊಂಡದ್ದು. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಬೇಳೆಯನ್ನು ಬೆಳೆಯುವವರಿಗೆ ಬೇಳೆಯ ಲೆಕ್ಕವೂ ತಿಳಿದಿರಬೇಕಷ್ಟೆ.

ಪಾಕೀಟಿನ ಮೇಲಿನ ಅಂಕಿಯನ್ನು ಕಂಡುಹಿಡಿಯುವ ಹಳೆಯ ಕ್ರಮವು 1883ರಲ್ಲಿ ಹುಟ್ಟಿತು. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಬಿಯರ್ ತಯಾರಿಸುವ ಕಾರ್ಲ್ಸ್‌ಬರ್ಗ್ ಎಂಬ ಸಂಸ್ಥೆಯವರು ನಡೆಸುತ್ತಿದ್ದ ಪ್ರಯೋಗಶಾಲೆಯಲ್ಲಿ ಯೋಹಾನ್ ಕ್ಯೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಕಂಡುಹಿಡಿದನು. (ಬಿಯರಿನ ಮನೆಯಲ್ಲಿ ಹುಟ್ಟಿದ ವಿದ್ಯೆಯಿಂದ ಹಾಲಿನ ಗುಣವನ್ನು ಪರೀಕ್ಷಿಸುವಂತಾದದ್ದು ಸೋಜಿಗವೇ ಸರಿ.) ಕಾಳಿನ ಹಿಟ್ಟನ್ನು ಗಂಧಕಾಮ್ಲದಲ್ಲಿ ಕುದಿಸಿದರೆ ಅದರಲ್ಲಿಯ ಸಾರಜನಕವು ಅಮೋನಿಯದ ರೂಪಕ್ಕೆ ಬರುತ್ತದೆ, ಅದನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿರುವುದರಿಂದ ಈ ಗುಣಕವು ಬಂದಿತು. ಆದಕಾರಣ ಆ ಹುಡುಗಿಗೆ ಕೊಡತಕ್ಕ ಮೊದಲನೆಯ ಉತ್ತರವೇನೆಂದರೆ, ಪ್ರೋಟೀನನ್ನು ಯಾರೂ ತೂಗಲಿಲ್ಲ. ಸಾರಜನಕವನ್ನು ಅಳೆದು ಪ್ರೋಟೀನು ಇಷ್ಟಿರಬೇಕೆಂದು ಊಹಿಸಿದರು.

ಈ ಊಹೆಯು ಬಹುಮಟ್ಟಿಗೆ ಸರಿಯಾದದ್ದೇ. ಆದರೂ ಸಾರಜನಕವುಳ್ಳ ಬೇರೆ ಪದಾರ್ಥವನ್ನು ಬೆರೆಸಿದರೆ ಈ ಪರೀಕ್ಷೆಯು ಮೋಸಹೋಗುತ್ತದೆ. 2008ರಲ್ಲಿ ಚೀನಾ ದೇಶದಲ್ಲಿ ಹೀಗೆಯೇ ಆಯಿತು. ನೀರು ಬೆರೆತ ಹಾಲಿನಲ್ಲಿ ಪ್ರೋಟೀನು ಸಾಕಷ್ಟಿದೆಯೆಂದು ತೋರಿಸಲು ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಪದಾರ್ಥವನ್ನು ಸೇರಿಸಿದರು. ಅದರ ತೂಕದ ಮೂರರಲ್ಲಿ ಎರಡು ಪಾಲು ಸಾರಜನಕವೇ. ಆ ಹಾಲಿನ ಪುಡಿಯನ್ನು ಕುಡಿದ ಸುಮಾರು ಮೂರು ಲಕ್ಷ ಕೂಸುಗಳು ಅಸ್ವಸ್ಥವಾದವು. ಆರು ಕೂಸುಗಳು ಸತ್ತವು. ಹಾಲನ್ನು ಪರೀಕ್ಷಿಸಿದ ಅಂಕಿಯಾದರೋ ಕಾಗದದ ಮೇಲೆ ಸರಿಯಾಗಿಯೇ ಇತ್ತು.

ಮೋಸವಿಲ್ಲದ ಕಡೆಯಲ್ಲಿಯೂ ಎರಡು ಕೊರತೆಗಳು ಉಳಿಯುತ್ತವೆ. ಕಾಳಿನೊಳಗೆ ಇರುವ ನೂರಾರು ಬಗೆಯ ಪ್ರೋಟೀನುಗಳಲ್ಲಿ ಯಾವುದು ಎಷ್ಟಿದೆಯೆಂಬುದನ್ನು ಈ ಕ್ರಮವು ಹೇಳಲಾರದು. ಇನ್ನು, ತಾಟಿನಲ್ಲಿದ್ದದ್ದರಲ್ಲಿ ಎಷ್ಟು ಪಾಲು ಮಗುವಿನ ರಕ್ತಕ್ಕೆ ಸೇರಿತೆಂಬುದನ್ನಂತೂ ಹೇಳಲೇ ಆರದು. ತಾಯಿಗೆ ಬೇಕಾದ ಅಂಕಿಯು ಈ ಎರಡನೆಯದೇ ಅಲ್ಲವೆ?

ಹೊಸ ಕ್ರಮವನ್ನು ತಿಳಿಯಲು ಮೊದಲು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ಡಬ್ಬಿಯಲ್ಲಿ ತೊಗರಿಕಾಳು ಇದೆಯೆನ್ನೋಣ. ತಕ್ಕಡಿಯಿಲ್ಲ, ಎಲ್ಲವನ್ನೂ ಎಣಿಸಲು ಹೊತ್ತಿಲ್ಲ. ಅದೇ ಜಾತಿಯ 500 ಕಾಳುಗಳನ್ನು ಎಣಿಸಿ ತೆಗೆದು, ಅವಕ್ಕೆ ನೀಲಿಯ ಬಣ್ಣವನ್ನು ಹಚ್ಚಿ ಒಣಗಿಸಿ, ಡಬ್ಬಿಯೊಳಗೆ ಹಾಕಿ ಚೆನ್ನಾಗಿ ಕಲಸಬೇಕು. ಬಳಿಕ ಒಂದು ಹಿಡಿ ತೆಗೆದು ನೋಡಿದರೆ 6 ನೀಲಿ ಕಾಳು, 300 ಸಾದಾ ಕಾಳು ಸಿಕ್ಕವೆನ್ನಿರಿ. ಒಂದು ನೀಲಿಗೆ ಐವತ್ತು ಸಾದಾ ಎಂದಾಯಿತು. ನೀಲಿಯವು ಒಟ್ಟು 500 ಎಂದು ನಮಗೆ ಗೊತ್ತಿರುವುದರಿಂದ ಸಾದಾ ಕಾಳುಗಳು ಸುಮಾರು 25,000. ತೊಗರಿಯ ನೂರು ಕಾಳು ಸುಮಾರು 10 ಗ್ರಾಂ ತೂಗುತ್ತವೆಂಬ ಲೆಕ್ಕದಿಂದ ಡಬ್ಬಿಯಲ್ಲಿರುವುದು ಎರಡೂವರೆ ಕಿಲೋ. ಆರೇ ನೀಲಿ ಕಾಳಿನಿಂದ ಕಟ್ಟಿದ ಲೆಕ್ಕವು ಸ್ವಲ್ಪ ಒರಟಾದದ್ದು. ಹತ್ತು ಹಿಡಿ ಎಣಿಸಿದರೆ ನಯವಾಗುತ್ತದೆ.

ಇದರಲ್ಲಿ ಗಮನಿಸತಕ್ಕ ಸಂಗತಿ ಒಂದುಂಟು. ಹಿಡಿಯು ದೊಡ್ಡದಾದರೇನು, ಚಿಕ್ಕದಾದರೇನು, ಬೆರಳ ಸಂದಿಯಿಂದ ಕೆಲವು ಕಾಳು ಉದುರಿದರೇನು? ಉದುರುವಾಗ ನೀಲಿ, ಸಾದಾ ಎಂಬ ಭೇದವಿಲ್ಲದೆ ಉದುರುವುದರಿಂದ ಅವುಗಳ ಪ್ರಮಾಣವು ಕೆಡುವುದಿಲ್ಲ. ರಕ್ತ, ಹಾಲು, ಹಿಟ್ಟು ಮುಂತಾದವುಗಳಿಂದ ಒಂದು ಪದಾರ್ಥವನ್ನು ಬೇರ್ಪಡಿಸುವಾಗ ಹೆಜ್ಜೆಹೆಜ್ಜೆಗೂ ಅಷ್ಟಿಷ್ಟು ನಷ್ಟವಾಗಿಯೇ ಆಗುತ್ತದೆ. ಎಷ್ಟು ಜಾಣನಾದ ರಸಾಯನಜ್ಞನೂ ಅದನ್ನು ತಡೆಯಲಾರನು. ನಷ್ಟವನ್ನು ತಡೆಯುವ ಬದಲು ನಷ್ಟವಾದರೂ ಲೆಕ್ಕ ಕೆಡದಂತೆ ಮಾಡುವುದೇ ಈ ಉಪಾಯದ ಹೃದಯವು. ಆದರೆ ಒಂದು ನಿಯಮವನ್ನು ಮೀರಬಾರದು: ನೀಲಿ ಕಾಳು ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಸಾದಾ ಕಾಳಿನಂತೆಯೇ ಇರಬೇಕು. ಬಣ್ಣದಿಂದ ಅಂಟಾಗಿ ಗಂಟುಕಟ್ಟಿದರೆ ಲೆಕ್ಕವು ತಪ್ಪುತ್ತದೆ.

ಪ್ರೋಟೀನಿಗೆ ಬಣ್ಣ ಹಚ್ಚುವುದು ಹೇಗೆ? ಇದಕ್ಕೆ ಪ್ರಕೃತಿಯೇ ಒಂದು ದಾರಿಯನ್ನು ಇಟ್ಟಿದೆ. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿ ತೂಕದ ಭೇದವುಳ್ಳ ಅವಳಿಗಳು ಉಂಟು. ಇಂಗಾಲದ ಪರಮಾಣುಗಳಲ್ಲಿ ಹೆಚ್ಚಿನವು 12 ತೂಕದವು. ನೂರಕ್ಕೆ ಸುಮಾರು ಒಂದು ಮಾತ್ರ 13 ತೂಕದ್ದು. ಜಲಜನಕಕ್ಕೆ ಇಮ್ಮಡಿ ತೂಕದ ಅವಳಿಯಾದ ಡ್ಯುಟೀರಿಯಮ್ಮನ್ನು ಅಮೆರಿಕೆಯ ಹೆರಾಲ್ಡ್ ಯೂರಿಯು 1931ರಲ್ಲಿ ಕಂಡುಹಿಡಿದನು. ಅದರಿಂದಾದ ನೀರಿಗೆ ಭಾರಜಲವೆಂದು ಹೆಸರು. ಇಂತಹ ಅವಳಿಗಳಿಗೆ ಐಸೋಟೋಪುಗಳೆನ್ನುತ್ತಾರೆ, ಕನ್ನಡದಲ್ಲಿ ಸಮಸ್ಥಾನಿಗಳು. ಮೂಲವಸ್ತುಗಳ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸ್ಥಾನವಿರುವುದರಿಂದ ಈ ಹೆಸರು. ಗ್ರೀಕ್ ಭಾಷೆಯಿಂದ ಆಯ್ದ ಈ ಪದವನ್ನು 1913ರಲ್ಲಿ ಫ್ರೆಡರಿಕ್ ಸಾಡಿಗೆ ಸೂಚಿಸಿದವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ ಎಂಬುದನ್ನು ನಮ್ಮ ಹುಡುಗಿಯರಿಗೆ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ಕೆಲವು ಸಮಸ್ಥಾನಿಗಳು ವಿಕಿರಣವನ್ನು ಸೂಸುತ್ತವೆ. ಇಲ್ಲಿ ಹೇಳಿದ ಎರಡೂ ಹಾಗಲ್ಲ. ಅವು ಸ್ಥಿರವಾದವು, ನಾವು ಕುಡಿಯುವ ನೀರಿನಲ್ಲಿಯೂ ಉಣ್ಣುವ ಅನ್ನದಲ್ಲಿಯೂ ಸ್ವಲ್ಪಮಟ್ಟಿಗೆ ಇದ್ದೇ ಇರುವವು. ತಾಯಂದಿರು ಇದಕ್ಕೆ ಹೆದರಬೇಕಾದ ಕಾರಣವಿಲ್ಲ.

ಬಣ್ಣವು ಕಣ್ಣಿಗೆ ಕಾಣುತ್ತದೆ, ತೂಕವು ಕಾಣದು. ಆದ್ದರಿಂದ ಇವುಗಳನ್ನು ಬೇರ್ಪಡಿಸಿ ಎಣಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಬೇಕು. ಕಣದಲ್ಲಿ ಕಾಳು ತೂರುವುದನ್ನು ಕಂಡವರಿಗೆ ಇದರ ತತ್ತ್ವವು ಕಷ್ಟವಲ್ಲ. ಗಾಳಿಯು ಒಂದೇ, ಆದರೆ ಹಗುರವಾದ ಹೊಟ್ಟು ದೂರಕ್ಕೆ ಹಾರುತ್ತದೆ, ಭಾರವಾದ ಕಾಳು ಕಾಲ ಬಳಿಯಲ್ಲಿಯೇ ಬೀಳುತ್ತದೆ. ಯಂತ್ರದೊಳಗೆ ಗಾಳಿಯನ್ನು ಪೂರಾ ಹೊರತೆಗೆದಿರುತ್ತಾರೆ. ಗಾಳಿಯ ಕೆಲಸವನ್ನು ವಿದ್ಯುತ್ತು ಅಥವಾ ಅಯಸ್ಕಾಂತವು ಮಾಡುತ್ತದೆ. ಅಣುಗಳಿಗೆ ವಿದ್ಯುದಾವೇಶವನ್ನು ಕೊಟ್ಟು ಹಾಯಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ ಬಾಗುತ್ತವೆ. ಬಿದ್ದ ಸ್ಥಾನದಿಂದ ತೂಕವೂ, ಬಿದ್ದವುಗಳ ಸಂಖ್ಯೆಯಿಂದ ಪ್ರಮಾಣವೂ ತಿಳಿಯುತ್ತವೆ. ಇಂಗ್ಲೆಂಡಿನ ಫ್ರಾನ್ಸಿಸ್ ಆಸ್ಟನನು 1919ರಲ್ಲಿ ಇಂತಹ ಯಂತ್ರವನ್ನು ಕಟ್ಟಿ 1922ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಡೇವಿಡ್ ರಿಟನ್‌ಬರ್ಗ್ ಮತ್ತು ಫಾಸ್ಟರ್ ಎಂಬವರು 1940ರಲ್ಲಿ, ಪ್ರೋಟೀನಿನ ಇಟ್ಟಿಗೆಗಳೆನ್ನಬಹುದಾದ ಅಮೈನೋ ಆಮ್ಲಗಳನ್ನು ಅಳೆಯಲು ನಮ್ಮ ನೀಲಿ ಕಾಳಿನ ಉಪಾಯವನ್ನೇ ಪ್ರಯೋಗಿಸಿದರು.

ಇಟ್ಟಿಗೆಗಳನ್ನು ಎಣಿಸುವುದು ಬೇರೆ, ಕಟ್ಟಿದ ಮನೆಗಳನ್ನು ಎಣಿಸುವುದು ಬೇರೆ. ಇಡಿಯ ಪ್ರೋಟೀನು ಬಹು ದೊಡ್ಡ ಅಣು. ಅದನ್ನು ಕೆಡಿಸದೆ ಯಂತ್ರದಲ್ಲಿ ಹಾರಿಸುವ ವಿದ್ಯೆಯು 1980ರ ದಶಕದ ತನಕ ಕೈಗೂಡಲಿಲ್ಲ. ಅದಕ್ಕಾಗಿ ಜಾನ್ ಫೆನ್, ಕೊಇಚಿ ತನಾಕಾ ಇವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದೇ ವರ್ಷದಲ್ಲಿ ಡೆನ್ಮಾರ್ಕಿನ ಓಡೆನ್ಸ್ ನಗರದ ಮಥಿಯಾಸ್ ಮಾನ್ ಅವರ ತಂಡದವರು ಸೈಲ್ಯಾಕ್ ಎಂಬ ಕ್ರಮವನ್ನು ಪ್ರಕಟಿಸಿದರು. ಆ ಲೇಖನದ ಕರ್ತೃಗಳಲ್ಲಿ ಅಖಿಲೇಶ್ ಪಾಂಡೆ ಒಬ್ಬರು. ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಕ್ರಮವು ಹೀಗಿದೆ: ಜೀವಕೋಶಗಳ ಎರಡು ಗುಂಪುಗಳನ್ನು ಸಾಕಿ, ಒಂದಕ್ಕೆ ಸಾದಾ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನೂ, ಇನ್ನೊಂದಕ್ಕೆ ಮೂರು ಡ್ಯುಟೀರಿಯಮ್ ಸೇರಿದ ಭಾರವಾದ ಲ್ಯೂಸಿನನ್ನೂ ಉಣಿಸುತ್ತಾರೆ. ಕೆಲವು ತಲೆಮಾರುಗಳಲ್ಲಿ ಎರಡನೆಯ ಗುಂಪಿನ ಪ್ರೋಟೀನುಗಳೆಲ್ಲ ಭಾರವಾಗುತ್ತವೆ. ಬಳಿಕ ಎರಡನ್ನೂ ಬೆರೆಸಿ, ಟ್ರಿಪ್ಸಿನ್ ಎಂಬ ಪಾಚಕರಸದಿಂದ ತುಂಡರಿಸಿ ಯಂತ್ರಕ್ಕೆ ಕೊಟ್ಟರೆ ಒಂದೊಂದು ತುಂಡೂ ಜೋಡಿಯಾಗಿ ಕಾಣುತ್ತದೆ. ಹಗುರವಾದದ್ದು ಒಂದು, ಅದಕ್ಕಿಂತ ಲ್ಯೂಸಿನ್ ಒಂದಕ್ಕೆ ಮೂರರಂತೆ ಭಾರವಾದದ್ದು ಇನ್ನೊಂದು. ಜೋಡಿಯ ಎತ್ತರಗಳನ್ನು ಹೋಲಿಸಿದರೆ ರೋಗವಿರುವ ಕೋಶದಲ್ಲಿ ಯಾವ ಪ್ರೋಟೀನು ಹೆಚ್ಚಿತು, ಯಾವುದು ತಗ್ಗಿತು ಎಂಬುದು ತಿಳಿಯುತ್ತದೆ.

ಟ್ರಿಪ್ಸಿನ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ. ಪ್ರಯೋಗಶಾಲೆಯಲ್ಲಿ ಕತ್ತರಿಯಾಗಿರುವ ಈ ರಸವೇ ನಮ್ಮ ಕರುಳಿನಲ್ಲಿ ಬೇಳೆಯನ್ನು ಕತ್ತರಿಸುವ ರಸವೂ ಆಗಿದೆ.

ಈಗ ತಾಟಿನ ಬೇಳೆಗೆ ಬರೋಣ. ಎಷ್ಟು ಜೀರ್ಣವಾಯಿತೆಂದು ತಿಳಿಯಲು ಹಿಂದೆ ಉಂಡದ್ದರ ಸಾರಜನಕದಿಂದ ಮಲದ ಸಾರಜನಕವನ್ನು ಕಳೆಯುತ್ತಿದ್ದರು. ಆದರೆ ದೊಡ್ಡಕರುಳಿನ ಸೂಕ್ಷ್ಮಜೀವಿಗಳು ತಮ್ಮ ಪಾಲನ್ನು ನಡುವೆಯೇ ತಿಂದುಬಿಡುವುದರಿಂದ ಆ ಲೆಕ್ಕವು ನಂಬತಕ್ಕದ್ದಲ್ಲ. ಸಣ್ಣಕರುಳಿನ ತುದಿಯಲ್ಲಿಯೇ ಅಳೆಯಬೇಕೆಂದರೆ ಮನುಷ್ಯನ ಹೊಟ್ಟೆಯೊಳಗೆ ನಳಿಗೆಯನ್ನು ಇಳಿಸಬೇಕು. ಮಕ್ಕಳಿಗೆ ಇದು ಸಲ್ಲದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಅನುರ ಕುರ್ಪಾಡ್, ಸರಿತಾ ದೇವಿ ಮತ್ತು ಅವರ ಜೊತೆಗಾರರು, ಸ್ಕಾಟ್ಲೆಂಡಿನ ಟಾಮ್ ಪ್ರೆಸ್ಟನ್ ಅವರೊಂದಿಗೆ ಸೇರಿ, ಎರಡು ಗುರುತುಗಳ ಒಂದು ಕ್ರಮವನ್ನು ರೂಪಿಸಿ 2018ರಲ್ಲಿ ಪ್ರಕಟಿಸಿದರು.

ಅವರು ಬಣ್ಣವನ್ನು ಕಾಳಿಗೆ ಹೊರಗಿನಿಂದ ಹಚ್ಚಲಿಲ್ಲ, ಗಿಡದಿಂದಲೇ ಹಚ್ಚಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಎಂ. ಎಸ್. ಶೇಷಶಾಯಿಯವರ ನೆರವಿನಿಂದ ಹೆಸರು ಮುಂತಾದ ಗಿಡಗಳನ್ನು ಬೆಳೆಸಿ, ಕಾಳು ಕಟ್ಟುವ ಹೊತ್ತಿಗೆ ಅವಕ್ಕೆ ಭಾರಜಲವನ್ನು ಉಣಿಸಿದರು. ಗಿಡವು ಆ ನೀರಿನಿಂದಲೇ ತನ್ನ ಅಮೈನೋ ಆಮ್ಲಗಳನ್ನು ಕಟ್ಟಿಕೊಂಡದ್ದರಿಂದ ಕಾಳಿನ ಪ್ರೋಟೀನಿನೊಳಗೆಲ್ಲ ಡ್ಯುಟೀರಿಯಮ್ಮಿನ ಗುರುತು ಕುಳಿತುಕೊಂಡಿತು. ಇಂತಹ ಕಾಳನ್ನು ಬೇಯಿಸಿ, ಅದರೊಂದಿಗೆ ಸ್ಪಿರುಲಿನಾ ಎಂಬ ಪಾಚಿಯನ್ನು ಬೆರೆಸಿದರು. ಈ ಪಾಚಿಯ ಗುರುತು 13 ತೂಕದ ಇಂಗಾಲ. ಇದು ನೂರಕ್ಕೆ 85ರಷ್ಟು ಜೀರ್ಣವಾಗುತ್ತದೆಂದು ಮೊದಲೇ ಅಳೆದಿಟ್ಟಿದ್ದರು. ಪ್ರಯೋಗಕ್ಕೆ ಒಪ್ಪಿದವರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವಾಗಿ ಇದನ್ನು ಉಂಡರು. ಕೆಲವು ಗಂಟೆಗಳಾದ ಮೇಲೆ ಅವರ ರಕ್ತವನ್ನು ಸ್ವಲ್ಪ ತೆಗೆದು ಅದರಲ್ಲಿಯ ಅಮೈನೋ ಆಮ್ಲಗಳನ್ನು ಯಂತ್ರದಿಂದ ತೂಗಿದರು.

ಲೆಕ್ಕವನ್ನು ತಿಳಿಯಲು ನಾವೇ ಒಂದು ಉದಾಹರಣೆಯನ್ನು ಕಟ್ಟಿ ಹೇಳುತ್ತೇವೆ. ತಾಟಿನಲ್ಲಿ ಕಾಳಿನ ಗುರುತು 100, ಪಾಚಿಯ ಗುರುತು 100 ಎಂದಿರಲಿ. ರಕ್ತದಲ್ಲಿ ಪಾಚಿಯ ಗುರುತು 100 ಕಂಡಲ್ಲಿ ಕಾಳಿನದು 68 ಮಾತ್ರ ಕಂಡಿತೆನ್ನಿರಿ. ಹಾಗಾದರೆ ಕಾಳು ಜೀರ್ಣವಾದದ್ದು ಪಾಚಿಯ ನೂರಕ್ಕೆ 68 ಪಾಲು. ಪಾಚಿಯದೇ 85 ಆದ್ದರಿಂದ 85ರಲ್ಲಿ ನೂರಕ್ಕೆ 68, ಅಂದರೆ ಸುಮಾರು 58. ಎಷ್ಟು ರಕ್ತವನ್ನು ತೆಗೆದರು, ಅದರಲ್ಲಿ ಎಷ್ಟು ಸೋರಿಹೋಯಿತು ಎಂಬುದು ಬೇಕಾಗಲೇ ಇಲ್ಲ ನೋಡಿರಿ. ಇಲ್ಲಿಯೂ ಹಿಡಿಯೊಳಗಿನ ನೀಲಿ ಕಾಳಿನ ನ್ಯಾಯವೇ. ಆದರೆ ಬಣ್ಣದ ನಿಯಮವು ಸ್ವಲ್ಪ ಮುರಿಯುವ ಒಂದು ಸ್ಥಳವುಂಟು. ದೇಹದೊಳಗೆ ಅಮೈನೋ ಆಮ್ಲಗಳು ಮಾರ್ಪಡುವಾಗ ಡ್ಯುಟೀರಿಯಮ್ಮಿನ ಒಂದು ಭಾಗವು ಕಳಚಿಹೋಗುತ್ತದೆ. ಅದನ್ನು ಬೇರೆಯಾಗಿ ಅಳೆದು ಲೆಕ್ಕವನ್ನು ತಿದ್ದಬೇಕಾಗುತ್ತದೆ, ಅವರು ತಿದ್ದಿದ್ದಾರೆ ಕೂಡ.

ಸಿಕ್ಕಿದ ಅಂಕಿಗಳು ನಮ್ಮನ್ನು ಬೆರಗುಗೊಳಿಸಿದವು. ನಮ್ಮ ದೇಹವು ತಾನೇ ತಯಾರಿಸಲಾರದೆ ಆಹಾರದಿಂದಲೇ ಪಡೆಯಬೇಕಾದ ಅಮೈನೋ ಆಮ್ಲಗಳ ಸರಾಸರಿಯನ್ನು ನೋಡಿದರೆ, ಸಿಪ್ಪೆಯಿರುವ ಹೆಸರುಕಾಳಿನಲ್ಲಿ ನೂರಕ್ಕೆ ಸುಮಾರು 58, ಕಡಲೆಯಲ್ಲಿ ಸುಮಾರು 57, ಹಳದಿ ಬಟಾಣಿಯಲ್ಲಿ ಸುಮಾರು 72 ಮಾತ್ರ ರಕ್ತಕ್ಕೆ ಸೇರುತ್ತವೆ. ಅದೇ ಸಂಸ್ಥೆಯವರು ಅದೇ ಬಗೆಯಲ್ಲಿ ಅಳೆದಾಗ ಬೇಯಿಸಿದ ಕೋಳಿಮೊಟ್ಟೆಯಲ್ಲಿ ಸುಮಾರು 89 ಸೇರುತ್ತವೆಂದು ಕಂಡಿತು. ಆದರೆ ಹೆಸರಿನ ಸಿಪ್ಪೆಯನ್ನು ತೆಗೆದದ್ದೇ ತಡ, 58 ಎಂಬುದು ಸುಮಾರು 67ಕ್ಕೆ ಏರಿತು. ಕಾಳನ್ನು ನೆನೆಯಿಟ್ಟು, ಉಜ್ಜಿ, ಸಿಪ್ಪೆ ಕಳೆದು, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರು ಯಾವ ಯಂತ್ರವನ್ನೂ ಕಂಡವರಲ್ಲ.

ಸಿಪ್ಪೆಯಲ್ಲಿರುವ ಒಗರು ಪದಾರ್ಥಗಳು ಪ್ರೋಟೀನನ್ನು ಕಟ್ಟಿಹಾಕುವುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವು ಕಾಳಿನೊಳಗೇ ಇದೆ. ಹುಳುಹುಪ್ಪಟೆಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಕಾಳು ಟ್ರಿಪ್ಸಿನ್ನಿನ ಬಾಯಿಗೆ ಬೀಗ ಹಾಕುವ ಒಂದು ಬಗೆಯ ಪ್ರೋಟೀನನ್ನು ಇಟ್ಟುಕೊಂಡಿರುತ್ತದೆ. ಬೇಯಿಸಿದರೆ ಆ ಬೀಗವು ಬಹುಮಟ್ಟಿಗೆ ಮುರಿಯುತ್ತದೆ, ಅರೆಬೆಂದರೆ ಉಳಿಯುತ್ತದೆ. ನಮ್ಮ ದೇಶದ ಆಹಾರಧಾನ್ಯಗಳಲ್ಲಿ ಈ ಬೀಗಗಳನ್ನು ಹುಡುಕಿದವರಲ್ಲಿ ಕಮಲಾ ಸೊಹೊನಿಯವರು ಮುಖ್ಯರು. ಕಮಲಾ ಭಾಗವತ್ ಎಂಬ ಹೆಸರಿನಿಂದ ಅವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಅವರು ಹಟ ಹಿಡಿದು, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿ, ಶ್ರೀನಿವಾಸಯ್ಯನವರ ಕೈಕೆಳಗೆ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಅಭ್ಯಾಸ ಮಾಡಿದರು. 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. ಅದೇ ಬೆಂಗಳೂರಿನಲ್ಲಿ ಬೇಳೆಯನ್ನು ಭಾರಜಲದಿಂದ ಅಳೆದ 2018ರ ಲೇಖನದಲ್ಲಿ ಮೊದಲನೆಯ ಹೆಸರು ಸರಿತಾ ದೇವಿಯವರದು. ಆ ಷರತ್ತನ್ನು ವಿಧಿಸಿದವರು ಈ ಲೇಖನವನ್ನು ನೋಡಬೇಕಾಗಿತ್ತೆಂದು ನಮಗೆ ಅನ್ನಿಸದೆ ಇರಲಿಲ್ಲ.

ನಮ್ಮ ಬೋರ್ಡಿಂಗಿನ ಅಡಿಗೆಯ ಲೆಕ್ಕದಲ್ಲಿ ಇದರ ಅರ್ಥವೇನು? ಮೂವತ್ತು ಗ್ರಾಂ ಹೆಸರಿನಲ್ಲಿ ಪಾಕೀಟಿನ ಪ್ರಕಾರ ಸುಮಾರು 7 ಗ್ರಾಂ ಪ್ರೋಟೀನು. ಸಿಪ್ಪೆಯೊಂದಿಗೆ ಉಂಡರೆ ಮೇಲಿನ ಸರಾಸರಿಯಂತೆ ಸುಮಾರು 4 ಗ್ರಾಂ, ಬೇಳೆ ಮಾಡಿ ಉಂಡರೆ ಸುಮಾರು 4.7 ಗ್ರಾಂ ದೇಹಕ್ಕೆ ಸೇರುತ್ತದೆ. ಒಂದು ಮೊಟ್ಟೆಯ 6 ಗ್ರಾಮಿನಲ್ಲಿ 5ಕ್ಕಿಂತ ಸ್ವಲ್ಪ ಹೆಚ್ಚು ಸೇರುತ್ತದೆ. ಒಂದೊಂದು ಅಮೈನೋ ಆಮ್ಲದ ಅಂಕಿ ಬೇರೆಬೇರೆ ಇರುವುದರಿಂದ ಇದು ಅಂದಾಜಿನ ಲೆಕ್ಕವೇ ಸರಿ. ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಏಳು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಮೊಟ್ಟೆಯನ್ನು ಕೊಡಲು ಆರಂಭಿಸಿದಾಗ ಪರವಾಗಿಯೂ ವಿರೋಧವಾಗಿಯೂ ಬಹಳ ಮಾತು ನಡೆಯಿತು. ಆ ಮಾತುಗಳಲ್ಲಿ ಈ ಅಂಕಿಗಳು ಹೆಚ್ಚಾಗಿ ಕೇಳಿಬಂದಿದ್ದರೆ ಒಳ್ಳೆಯದಿತ್ತು. ಮೊಟ್ಟೆಯನ್ನು ತಿನ್ನದ ಮನೆಗಳೂ ನಮ್ಮಲ್ಲಿ ಬಹಳ ಇವೆ. ಅಂಥವರು ಬೇಳೆಯ ಪ್ರಮಾಣವನ್ನು ಹೆಚ್ಚಿಸಬೇಕು, ಹಾಲು ಮೊಸರನ್ನು ಸೇರಿಸಬೇಕು. ಜೋಳದ ರೊಟ್ಟಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ತೀರ ಕಡಿಮೆ. ಬೇಳೆಯಲ್ಲಿ ಅದು ಧಾರಾಳವಾಗಿದೆ. ರೊಟ್ಟಿಯ ಬದಿಗೆ ಖಾರವನ್ನಷ್ಟೇ ಇಟ್ಟುಕೊಂಡು ಉಣ್ಣುವ ಮಗುವಿಗೆ ದಕ್ಕದೆ ಹೋಗುವುದು ಇದೇ.

ಪ್ರವಾಸದಿಂದ ಬಂದ ಮರುವಾರ ಹುಡುಗಿಯರು ಅಡಿಗೆಮನೆಯಿಂದ ತೊಗರಿಕಾಳಿನ ಡಬ್ಬಿಯೊಂದನ್ನು ತಂದು, 500 ಕಾಳಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಹಚ್ಚಿ ಪ್ರಯೋಗವನ್ನು ನಡೆಸಿದರು. ಮೊದಲನೆಯ ಸಲ ಲೆಕ್ಕವು ತೀರ ತಪ್ಪಿತು. ನೀಲಿಯು ಸರಿಯಾಗಿ ಒಣಗಿರಲಿಲ್ಲ, ಕಾಳುಗಳು ಒಂದಕ್ಕೊಂದು ಅಂಟಿಕೊಂಡು ತಳದಲ್ಲಿಯೇ ಉಳಿದಿದ್ದವು. ಪ್ರಶ್ನೆ ಕೇಳಿದ ಹುಡುಗಿಯು ಅವುಗಳನ್ನು ಬಿಡಿಸಿ, ಎರಡು ದಿನ ಬಿಸಿಲಿನಲ್ಲಿ ಹರವಿ, ಮತ್ತೆ ಕಲಸಿ ಹತ್ತು ಹಿಡಿ ಎಣಿಸಿದಳು. ಅಂಗಡಿಯ ತಕ್ಕಡಿಗೂ ಅವಳ ಲೆಕ್ಕಕ್ಕೂ ಉಳಿದ ಅಂತರವು ಒಂದು ಹಿಡಿಯಷ್ಟೇ.